ಎಸ್ಟಿಮೇಟ್ ಬರೆಯುವ ಮುಂಚೆ ಕರೆಯಿರಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸರ್ಕಾರಿ ಕಟ್ಟಡಗಳ ಮುಂದಿನ ರ‍್ಯಾಂಪ್‌ಗಳನ್ನು ಸ್ವಲ್ಪ ಗಮನಿಸಿ. 1 ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಅಂದರೆ 2 ಅಡಿ ಜಗಲಿಗೆ 24 ಅಡಿ. ಎಷ್ಟೋ ಕಡೆ ಅದನ್ನು ಆರೇಳು ಅಡಿಯಲ್ಲೇ ಮುಗಿಸಿರುತ್ತಾರೆ. ಗಾಲಿಕುರ್ಚಿಯವರು ಹತ್ತಲಾರರು, ಇಳಿಯುವಾಗ ಮುಗ್ಗರಿಸುತ್ತಾರೆ. ಹೇಗೋ ಒಳಗೆ ಹೋದರೂ ಶೌಚಾಲಯದ ಬಾಗಿಲು ಒಳಮುಖವಾಗಿ ತೆರೆಯುತ್ತದೆ. ಕುರ್ಚಿ ಒಳಗೆ ಹೋದರೆ ಬಾಗಿಲು ಹಾಕಲಾಗುವುದಿಲ್ಲ. ಸಿಮೆಂಟು, ದುಡ್ಡು ಎರಡೂ ಖರ್ಚಾಗಿವೆ, ಉಪಯೋಗ ಮಾತ್ರ ಇಲ್ಲ. ನಕ್ಷೆ ಹಾಕುವ ದಿನ ಗಾಲಿಕುರ್ಚಿ ಬಳಸುವ ಒಬ್ಬರು ಪಕ್ಕದಲ್ಲಿದ್ದಿದ್ದರೆ ಇದನ್ನೆಲ್ಲ ಅಲ್ಲೇ ಹೇಳುತ್ತಿದ್ದರು, ಅಲ್ವಾ?

ಅದಕ್ಕೇ ಹೇಳುತ್ತೇನೆ, ಅಂಗವಿಕಲರ ಸಂಘಗಳನ್ನು ಉದ್ಘಾಟನೆಯ ದಿನ ಹಾರ ಹಾಕಲು ಕರೆದರೆ ಸಾಲದು. ಎಸ್ಟಿಮೇಟ್ ಬರೆಯುವ ಮುಂಚೆ ಕರೆಯಬೇಕು. ಇದು ಯಾರೋ ಮಾಡುವ ಉಪಕಾರವಲ್ಲ. ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರ ಸಂಘಟನೆಗಳ ಜೊತೆ ಸಮಾಲೋಚಿಸಬೇಕು ಎಂದು ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನು 2007ರಲ್ಲೇ ಒಪ್ಪಿಕೊಂಡಿದೆ.

ರ‍್ಯಾಂಪ್ ಕಣ್ಣಿಗೆ ಕಾಣುತ್ತದೆ. ಕಾಣದ ವಿಷಯಗಳು ಇನ್ನೂ ಜಾಸ್ತಿ. ಮಂಡ್ಯ ಕಡೆ ಮನೆಮನೆಯಲ್ಲೂ ಹಸು ಇರುತ್ತದೆ. ಸ್ವಸಹಾಯ ಗುಂಪಿನ ಮೂಲಕ ಹಸು ಕೊಳ್ಳಲು ಸಾಲ ಕೊಡುವ ಯೋಜನೆ ಮಾಡುತ್ತೀರಿ ಅಂದುಕೊಳ್ಳಿ. ಕಣ್ಣು ಕಾಣದ ಹೆಣ್ಣುಮಗಳಿಗೆ ಹಾಲು ಕರೆಯುವುದು ಕಷ್ಟವಲ್ಲ, ಕೈಗೆ ಅಭ್ಯಾಸವಾಗಿರುತ್ತದೆ. ಅವಳ ಕಷ್ಟ ಇರುವುದು ಡೇರಿಗೆ ಹೋಗುವ ದಾರಿಯಲ್ಲಿ. ಚರಂಡಿ ಮೇಲೆ ಚಪ್ಪಡಿ ಇಲ್ಲ, ಬೆಳಗಿನ ಜಾವ ಕೈಯಲ್ಲಿ ಹಾಲಿನ ಕ್ಯಾನು. ಹಸುವಿನ ಯೋಜನೆಯಲ್ಲಿ ಚಪ್ಪಡಿ ಖರ್ಚು ಬರೆಯಬೇಕೆಂದು ಯಾವ ಅಧಿಕಾರಿಗೆ ಹೊಳೆಯುತ್ತದೆ? ಅವಳನ್ನು ಕೇಳಿದರೆ ಮೊದಲು ಹೇಳುವುದೇ ಅದನ್ನು.

ಒಬ್ಬರನ್ನು ಕರೆದು ಕೂರಿಸಿದರೂ ಆಗಲಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಕಾಲಿಲ್ಲದವರು ಕಿವುಡರ ಪರವಾಗಿ ಹೇಗೆ ಮಾತಾಡುತ್ತಾರೆ? ಬುದ್ಧಿಮಾಂದ್ಯ ಮಕ್ಕಳ ತಾಯಂದಿರ ಸಂಕಟವೇ ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಪರೀಕ್ಷೆಯ ವಿಷಯ ಅಲ್ಲಿನ ತಜ್ಞರಿಗೆ ಗೊತ್ತು. ಆದರೆ ಬ್ಯಾಟರಿ ಊರಲ್ಲಿ ಸಿಗದೆ ಯಾರ ಮನೆಯಲ್ಲಿ ಶ್ರವಣಯಂತ್ರ ಸುಮ್ನೆ ಬಿದ್ದಿದೆ ಎನ್ನುವುದು ಗೊತ್ತಿರುವುದು ಊರಿನ ಸಂಘದವರಿಗೆ. ಇಬ್ಬರೂ ಬೇಕು.

ಸಭೆ ಕರೆದರೆ ನೆಲಮಹಡಿಯಲ್ಲೇ ಇರಲಿ. ಸಂಜ್ಞಾಭಾಷೆ ತಿಳಿದವರನ್ನು ಕರೆಸಿ, ಅವರ ಸಂಭಾವನೆಯನ್ನೂ ಬಂದವರ ಪ್ರಯಾಣದ ಖರ್ಚನ್ನೂ ಬಜೆಟ್‌ನಲ್ಲೇ ಸೇರಿಸಿ. ಕೂಲಿ ಬಿಟ್ಟು ಬರುವವರಿಂದ ಪುಕ್ಕಟೆ ಸಲಹೆ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಯಾರನ್ನು ಕರೆಯುವುದು ಎಂದು ತಿಳಿಯದಿದ್ದರೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆಂದು ಶೇ. 5ರಷ್ಟು ಹಣ ಎತ್ತಿಡಬೇಕು. ಈ ವರ್ಷ ಆ ಹಣದಲ್ಲಿ ಏನು ಮಾಡುತ್ತೀರಿ, ಅದನ್ನು ಯಾರನ್ನು ಕೇಳಿ ತೀರ್ಮಾನಿಸಿದಿರಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಮಸ್ಕಾರ.