ಅಭಿಮನ್ಯು ಎಲ್ಲರವನು, ಆಟ ಯಾರದು?

ನಮಸ್ಕಾರ. ಯಕ್ಷಗಾನದ ಪ್ರಸಂಗ, ಅಂದರೆ ಆಟದ ಪದ್ಯಕಥೆ, ಬರೆಯುವವರು, ಹವ್ಯಾಸಿ ಸಂಘ ನಡೆಸುವವರು, ಆಟವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುವವರು, ಇವತ್ತಿನ ಮಾತು ನಿಮಗೆ. ಇರುವುದು ಒಂದೇ ಸಂಗತಿ: ಕಥೆಗೆ ಕೃತಿಸ್ವಾಮ್ಯ (ಕಾಪಿರೈಟ್) ಇಲ್ಲ, ಕಥೆಯನ್ನು ಕಟ್ಟಿದ ರೀತಿಗೆ ಉಂಟು.

ಅಭಿಮನ್ಯು ಮಹಾಭಾರತದವನು, ಊರಿಗೆಲ್ಲ ಸೇರಿದವನು. ಆದರೂ ಅವನ ಆಟದ ವ್ಯಾಜ್ಯ ಉಡುಪಿಯಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಶಿವರಾಮ ಕಾರಂತರು ಇಡೀ ರಾತ್ರಿಯ ಆಟವನ್ನು ಮೊಟಕು ಮಾಡಿ, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ವೇಷ, ಹೆಜ್ಜೆಗಳನ್ನು ತಿದ್ದಿ ಬ್ಯಾಲೆ, ಅಂದರೆ ನೃತ್ಯರೂಪಕ, ಕಟ್ಟಿದರಷ್ಟೆ. 1994ರ ಉಯಿಲಿನಲ್ಲಿ ಹಕ್ಕನ್ನು ಒಬ್ಬರಿಗೆ ಬರೆದಿಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ಅದೇ ರೂಪದ ಅಭಿಮನ್ಯು ವಧೆ ಹಕ್ಕುದಾರರನ್ನು ಕೇಳದೆ ರಂಗಕ್ಕೆ ಬಂತು. "ಯಕ್ಷಗಾನ ನಮ್ಮೆಲ್ಲರದಲ್ಲವೋ?" ಅನ್ನುತ್ತೀರಿ, ಗೊತ್ತು. ಯಕ್ಷಗಾನ ಎಲ್ಲರದು ಮಾರಾಯರೆ, ಕಾರಂತರು ಕಟ್ಟಿದ್ದು ಎಲ್ಲರದಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಕ್ಕುದಾರರ ಪರ ನಿಂತಿತು. ಸ್ವಾರಸ್ಯ ನೋಡಿ: ಉಯಿಲು ಹೆಸರಿಸಿದ್ದು ಸಾಹಿತ್ಯಕೃತಿಗಳನ್ನು, ಕಾಯಿದೆಯ ಪ್ರಕಾರ ಬ್ಯಾಲೆ ನಾಟಕಕೃತಿ. "ಉಳಿದದ್ದೂ ಇವರಿಗೇ" ಎಂಬರ್ಥದ ಒಂದು ಷರತ್ತು ಇತ್ತು, ಅದರಿಂದ ಬ್ಯಾಲೆಯೂ ಸಿಕ್ಕಿತು. ಉಯಿಲು ಬರೆಯುವಾಗ ಆ ಸಾಲು ಬಿಡಬೇಡಿ.

ಕೃತಿಸ್ವಾಮ್ಯದ ಅವಧಿ, ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ. ಕಾರಂತರದು 2057ರ ಡಿಸೆಂಬರ್ 31ರ ತನಕ.

ಹವ್ಯಾಸಿ ಸಂಘ ಟಿಕೆಟಿಲ್ಲದೆ ಆಡಿದರೆ ರಿಯಾಯಿತಿ ಉಂಟು. ಅದು ಆಡುವುದಕ್ಕೆ ಮಾತ್ರ, ವಿಡಿಯೋ ಏರಿಸುವುದಕ್ಕಲ್ಲ. ಇಲ್ಲೇ ಎಲ್ಲರೂ ಎಡವುವುದು.

ಅರ್ಥಗಾರಿಕೆ, ಅಂದರೆ ಪದ್ಯದ ಮೇಲೆ ಪಾತ್ರಧಾರಿ ಆಡುವ ಮಾತು, ಅದರ ಬಗ್ಗೆ ಹೇಳಲಿಕ್ಕೆ ಬಹಳ ಇತ್ತು, ಸಮಯವಿಲ್ಲ. ರಂಗದಲ್ಲೇ ಹುಟ್ಟಿ ಎಲ್ಲೂ ದಾಖಲಾಗದ ಅರ್ಥ ನಾಟಕಕೃತಿಯಾಗದು. ಆದರೆ ಅರ್ಥಧಾರಿಗೆ ಪ್ರದರ್ಶಕನ ಹಕ್ಕು 50 ವರ್ಷ ಇದೆ. ರೆಕಾರ್ಡಿಂಗಿಗೆ ಮೊದಲು ಕೇಳಿ.

ಪ್ರಸಂಗಕರ್ತರೇ, ಮೇಳಕ್ಕೆ (ಆಟದ ತಂಡಕ್ಕೆ) ಹಕ್ಕು ಬಿಟ್ಟುಕೊಡುವುದಾದರೆ ಬರಹದಲ್ಲಿ ಕೊಡಿ, ಬಾಯಿಮಾತು ನಡೆಯದು. ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಲೆಕ್ಕ. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದಾದರೆ ಶುಲ್ಕ 500 ರೂಪಾಯಿ. ಮಾಡಿಸುವುದು ಪದ್ಯಗಳಿಗೆ, ಅಭಿಮನ್ಯುವಿಗಲ್ಲ. ನಮಸ್ಕಾರ.