ಹನ್ನೊಂದು ಲೀಟರ್ ಆಯಿಲ್, ಒಂದು ಪುಟ್ಟ ವಾಲ್ವ್

ಬೆಳಿಗ್ಗೆ ಏಳೂವರೆ. ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ನಮ್ಮ ಮನೆ. ಬಿಸಿಲು ಇನ್ನೂ ಏರಿಲ್ಲ, ಗಾಳಿ ಮಾತ್ರ ಜೋರಾಗಿದೆ. ಇವತ್ತು ನನ್ನ ಪಿಕಪ್ ಟ್ರಕ್‌ನ ಎಂಜಿನ್ ಆಯಿಲ್ ಬದಲಾಯಿಸುತ್ತಾ, ಆಯಿಲ್ ಇಳಿಸಲು ನಾನು ಹಾಕಿಕೊಂಡಿರುವ ಒಂದು ಪುಟ್ಟ ವಾಲ್ವ್ ತೋರಿಸುತ್ತೇನೆ. ಟ್ರಕ್‌ನ್ನು ಕಾಲು ಗಂಟೆ ಓಡಿಸಿಕೊಂಡು ಈಗಷ್ಟೇ ಬಂದೆ. ಆಯಿಲ್ ಬಿಸಿಯಾದರೆ ತೆಳ್ಳಗಾಗಿ ಸಲೀಸಾಗಿ ಇಳಿಯುತ್ತದೆ, ಜೊತೆಗೆ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ.

ಇದು 2016ರ ರ‍್ಯಾಮ್ 2500. ಒಳಗಿರುವುದು 6.7 ಲೀಟರಿನ ಕಮಿನ್ಸ್ ಡೀಸೆಲ್, ಸಾಲಾಗಿ ಆರು ಸಿಲಿಂಡರ್. ಕಮಿನ್ಸ್ ಹೆಸರನ್ನು ನೀವು ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಜನರೇಟರ್ ಮೇಲೆ ನೋಡಿರುತ್ತೀರಿ. ಅದೇ ಕಂಪನಿ. ನಾವು ರಜೆ ಬಂದರೆ ಕ್ಯಾಂಪರ್ ಟ್ರೈಲರ್ ಕಟ್ಟಿಕೊಂಡು ಹೊರಡುವವರು, ಆ ಭಾರ ಎಳೆಯುವುದು ಇದೇ ಎಂಜಿನ್. ಅದಕ್ಕೇ ಇದರ ಆಯಿಲ್ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಮಾಮೂಲಿ ಕಾರಿಗೆ ನಾಲ್ಕೈದು ಲೀಟರ್ ಆಯಿಲ್ ಸಾಕು, ಅಲ್ವಾ? ಇದಕ್ಕೆ ಫಿಲ್ಟರ್ ಸೇರಿ 12 ಕ್ವಾರ್ಟ್, ಅಂದರೆ 11 ಲೀಟರಿಗೂ ಜಾಸ್ತಿ. ಅಂಗಡಿಯಲ್ಲಿ ಸಿಗುವ ಚಿಕ್ಕ ಟ್ರೇಗಳಲ್ಲಿ ಇದು ಹಿಡಿಯುವುದಿಲ್ಲ. ಡೀಸೆಲ್ ಮಸಿ ಬೇರೆ. ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿದರೆ ಸಾಕು, ಕಾಡಿಗೆಯ ಹಾಗೆ ಕಪ್ಪಾಗಿರುತ್ತದೆ. ಸಿಮೆಂಟ್ ಮೇಲೆ ಬಿದ್ದರೆ ಆ ಕಲೆ ಹೋಗುವುದೇ ಇಲ್ಲ.

ಮುಂಚೆ ಹೇಗೆ ಮಾಡುತ್ತಿದ್ದೆ ಹೇಳುತ್ತೇನೆ. ಗಾಡಿ ಕೆಳಗೆ ಅಂಗಾತ ಮಲಗಿ, ಸ್ಪ್ಯಾನರ್ ಹಾಕಿ ಡ್ರೈನ್ ಪ್ಲಗ್ ಲೂಸ್ ಮಾಡಬೇಕು. ನಮ್ಮ ಕಡೆ ಮೆಕ್ಯಾನಿಕ್‌ಗಳು ಚೇಂಬರ್ ನಟ್ ಅನ್ನುತ್ತಾರಲ್ಲ, ಅದು. ಚೇಂಬರ್ ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ. ಕೊನೆಯ ಸುತ್ತನ್ನು ಬೆರಳಲ್ಲೇ ಬಿಚ್ಚಬೇಕು. ಆಗ ಸುಡುವ ಆಯಿಲ್ ಒಮ್ಮೆಲೇ ನುಗ್ಗಿ ಅಂಗೈ ಮೇಲಿಂದ ಮೊಣಕೈವರೆಗೆ ಹರಿಯುತ್ತದೆ. ಪ್ಲಗ್ ಟ್ರೇ ಒಳಗೆ ಬೀಳುತ್ತದೆ. ಕೊನೆಗೆ ಧಾರೆ ಸಣ್ಣಗಾದಾಗ ಗಾಳಿ ಬೀಸಿ ಅದನ್ನು ಟ್ರೇ ಆಚೆಗೆ ಒಯ್ಯುತ್ತದೆ. ಎರಡು ವರ್ಷದ ಹಿಂದೆ ನನ್ನ ಮಣಿಕಟ್ಟು ಸುಟ್ಟು ಬೊಬ್ಬೆ ಬಂದಿತ್ತು. ಆಮೇಲೆ ಒಮ್ಮೆ ಹೊರಗಡೆ ಕೊಟ್ಟು ಮಾಡಿಸಿದೆ. ಅಲ್ಲಿ ಪ್ಲಗ್‌ನ್ನು ಎಷ್ಟು ಬಿಗಿದಿದ್ದರು ಅಂದರೆ, ಮುಂದಿನ ಸಲ ಬಿಚ್ಚಲು ಸ್ಪ್ಯಾನರ್‌ಗೆ ಪೈಪ್ ಸೇರಿಸಿ ಎಳೆಯಬೇಕಾಯಿತು. ಚೇಂಬರ್‌ನ ಥ್ರೆಡ್ ಹೋಗಿದ್ದರೆ ಅದರ ಖರ್ಚೇ ಬೇರೆ. ಅವತ್ತೇ ವಾಲ್ವ್ ತರಿಸಿದೆ.

ಈಗ ಕ್ಯಾಮೆರಾ ಕೆಳಗೆ ತಂದಿದ್ದೇನೆ, ನೋಡಿ. ಈ ಹಿತ್ತಾಳೆ ಬಣ್ಣದ ಪುಟ್ಟ ತುಂಡು. ಜಪಾನಿನ ಫ್ಯೂಮೊಟೊ ಕಂಪನಿಯದು. ಪ್ಲಗ್ ತೆಗೆದು ಅದೇ ಜಾಗಕ್ಕೆ ಇದನ್ನು ತಿರುಪಿ ಕೂರಿಸುವುದು, ಅಷ್ಟೇ. ಒಳಗೆ ತೂತಿರುವ ಒಂದು ಗುಂಡು ಇದೆ. ಲಿವರ್ ಕಾಲು ಸುತ್ತು ತಿರುಗಿಸಿದರೆ ಗುಂಡಿನ ತೂತು ದಾರಿಗೆ ಬರುತ್ತದೆ, ಆಯಿಲ್ ಇಳಿಯುತ್ತದೆ. ವಾಪಸ್ ತಿರುಗಿಸಿದರೆ ಬಂದ್. ಮನೆಯ ನೀರಿನ ಪೈಪ್‌ಗೆ ಹಾಕುತ್ತಾರಲ್ಲ ಬಾಲ್ ವಾಲ್ವ್, ಅದರದೇ ಕೆಲಸ.

ನಮ್ಮ ಅಪ್ಪ ತಿಪಟೂರಿನಿಂದ ಬಂದಿದ್ದಾರೆ. ತೋಟಕ್ಕೆ ಟ್ರ್ಯಾಕ್ಟರ್ ಇಟ್ಟು ತಾವೇ ಆಯಿಲ್ ಬದಲಾಯಿಸಿದವರು. ಇದನ್ನು ನೋಡಿದ ತಕ್ಷಣ ಕೇಳಿದರು: "ದಾರೀಲಿ ಹೋಗ್ತಾ ಇರೋವಾಗ ಇದು ತಾನಾಗೇ ತೆರ್ಕೊಂಡ್ರೆ ಏನ್ ಮಾಡ್ತೀಯ ಮಗಾ?"

ಸರಿಯಾದ ಪ್ರಶ್ನೆ. ಓಡುವ ಎಂಜಿನ್‌ನಿಂದ ಆಯಿಲ್ ಸೋರಿ ಖಾಲಿಯಾದರೆ ಎಂಜಿನ್ ಉಳಿಯುವುದಿಲ್ಲ. ಅದಕ್ಕೆ ಅವರ ಕೈಗೇ ಹಳೆಯ ಡಬ್ಬಿಯಲ್ಲಿದ್ದ ಇನ್ನೊಂದು ವಾಲ್ವ್ ಕೊಟ್ಟು, "ಸುಮ್ನೆ ತಿರುಗಿಸಿ ನೋಡಿ ಅಪ್ಪಾ" ಅಂದೆ. ತಿರುಗಲಿಲ್ಲ. ಲಿವರ್ ಒಂದು ಕಚ್ಚಿನಲ್ಲಿ ಕೂತಿರುತ್ತದೆ, ಸ್ಪ್ರಿಂಗ್ ಅದನ್ನು ಅಲ್ಲೇ ಒತ್ತಿ ಹಿಡಿದಿರುತ್ತದೆ. ಮೊದಲು ಕಚ್ಚಿನಿಂದ ಬಿಡಿಸಬೇಕು, ಆಮೇಲೆ ತಿರುಗಿಸಬೇಕು. ಅಲುಗಾಟಕ್ಕೆ ಈ ಎರಡೂ ಒಟ್ಟಿಗೆ ಆಗುವುದು ಕಷ್ಟ. ಅದರ ಮೇಲೆ ಲಿವರ್‌ಗೆ ಹಾಕುವ ಕ್ಲಿಪ್ ಕೂಡ ಸಿಗುತ್ತದೆ. ನಾನು ಹಾಕಿದ್ದೇನೆ. ಕಲ್ಲು ಬಡಿಯುವ ಭಯ ಬೇರೆ ಮಾತು. ವಾಲ್ವ್ ಚೇಂಬರ್‌ನಿಂದ ಸ್ವಲ್ಪ ಆಚೆ ಚಾಚಿರುತ್ತದೆ. ನನ್ನ ಟ್ರಕ್ ಎತ್ತರ ಇದೆ, ನಾನು ಓಡಿಸುವುದೂ ಹೆದ್ದಾರಿಯಲ್ಲಿ. ಕಲ್ಲು ಬಂಡೆ ಹತ್ತಿಸುವವರಾದರೆ, ಅಥವಾ ನಿಮ್ಮ ಗಾಡಿ ತಗ್ಗಿದ್ದರೆ, ಹಾಕಬೇಡಿ ಅಂತಲೇ ಹೇಳುತ್ತೇನೆ.

ಈಗ ಕೆಲಸ. ಕ್ಲಿಪ್ ತೆಗೆದೆ. ವಾಲ್ವ್ ಬಾಯಿಗೆ ಹೋಸ್ ಸಿಕ್ಕಿಸಿದೆ. ನನ್ನದು ಮೂತಿ ಇರುವ ಮಾದರಿ, ಮೂತಿ ಇಲ್ಲದ್ದೂ ಬರುತ್ತದೆ. ಹೋಸ್ ಬಿಸಿ ಆಯಿಲ್ ತಡೆಯುವಂಥದ್ದೇ ಇರಲಿ, ತೆಳು ಪ್ಲಾಸ್ಟಿಕ್ ಪೈಪ್ ಮೆತ್ತಗಾಗಿ ಜಾರುತ್ತದೆ. ಇನ್ನೊಂದು ತುದಿ ಹಳೆಯ ಆಯಿಲ್ ಕ್ಯಾನ್ ಒಳಗೆ. ಟ್ರೇ ಬೇಡ, ಫನಲ್ ಬೇಡ. ಲಿವರ್ ತಿರುಗಿಸಿದೆ. ಕೇಳಿಸಿತಾ ಆ ಸದ್ದು? ಒಂದು ಹನಿ ಹೊರಗೆ ಬಿದ್ದಿಲ್ಲ.

ಈ ಕ್ಯಾನ್ 2.5 ಗ್ಯಾಲನ್‌ನದು, ಸುಮಾರು ಒಂಬತ್ತೂವರೆ ಲೀಟರ್. ಆಯಿಲ್ ಪೂರ್ತಿ ಇದರಲ್ಲಿ ಹಿಡಿಯುವುದಿಲ್ಲ. ತುಂಬುತ್ತಾ ಬಂತು, ಲಿವರ್ ಮುಚ್ಚಿದೆ. ಕ್ಯಾನ್ ಬದಲಿಸಿದೆ. ಮತ್ತೆ ತೆರೆದೆ. ವಾಲ್ವ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ, ನಡುವೆ ನಿಲ್ಲಿಸಬಹುದು. ಪ್ಲಗ್ ತೆಗೆದ ಮೇಲೆ ಅದು ಎಲ್ಲಾದರೂ ಆಗುತ್ತದಾ?

ಹೀಗೆ ನಡುವೆ ನಿಲ್ಲಿಸಿದಾಗ ಸ್ಯಾಂಪಲ್ ಕೂಡ ಹಿಡಿಯುತ್ತೇನೆ. ಆಯಿಲ್ ಪರೀಕ್ಷೆ ಮಾಡುವ ಲ್ಯಾಬ್‌ಗಳಿವೆ. ಚಿಕ್ಕ ಬಾಟಲಿ ಕಳಿಸಿದರೆ ಕಬ್ಬಿಣ, ತಾಮ್ರ ಎಷ್ಟಿದೆ, ಡೀಸೆಲ್ ಬೆರೆತಿದೆಯಾ, ಕೂಲಂಟ್ ಬೆರೆತಿದೆಯಾ ಎಂದು ಬರೆದು ಕಳಿಸುತ್ತಾರೆ. ಮೊದಲು ಬರುವ ಆಯಿಲ್ ಬೇಡ, ಕೊನೆಯದೂ ಬೇಡ, ನಡುವಿನದು ಬೇಕು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಡೀಸೆಲ್‌ಗಳಲ್ಲಿ ಇದು ಮುಖ್ಯ. ಆ ಫಿಲ್ಟರ್‌ನಲ್ಲಿ ಕೂತ ಮಸಿ ಸುಡಲು ಎಂಜಿನ್ ಸಿಲಿಂಡರ್‌ಗೆ ಹೆಚ್ಚುವರಿ ಡೀಸೆಲ್ ಬಿಡುತ್ತದೆ, ಅದರಲ್ಲಿ ಒಂದಿಷ್ಟು ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳುವಾದರೆ ಬೇರಿಂಗ್ ಸವೆಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಲ್ಯಾಬ್ ರಿಪೋರ್ಟ್‌ನಲ್ಲಿ ಕಾಣುತ್ತದೆ.

ವಾಲ್ವ್‌ಗೆ ಕೊರತೆಗಳೂ ಇವೆ. ತೂತು ಸಣ್ಣದು, ಹಾಗಾಗಿ ಇಳಿಯಲು ಜಾಸ್ತಿ ಹೊತ್ತು. ನನಗೆ ಅರ್ಧ ಗಂಟೆ ಹಿಡಿಯುತ್ತದೆ. ವಾಲ್ವ್‌ನ ಥ್ರೆಡ್ ಚೇಂಬರ್ ಒಳಗೆ ಚಾಚಿದಷ್ಟಕ್ಕೆ ತಳದಲ್ಲಿ ಸ್ವಲ್ಪ ಹಳೇ ಆಯಿಲ್ ಉಳಿಯುತ್ತದೆ. 11 ಲೀಟರಿನಲ್ಲಿ ಅಷ್ಟು ಪರವಾಗಿಲ್ಲ ಅಂತ ನನ್ನ ಲೆಕ್ಕ. ನಿಮ್ಮ ಹಳೇ ಪ್ಲಗ್ ತುದಿಯಲ್ಲಿ ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಇದ್ದರೆ ಅದು ಹೋಗುತ್ತದೆ. ಕೊಳ್ಳುವಾಗ ಎಂಜಿನ್, ಮಾಡೆಲ್ ವರ್ಷ ಎರಡನ್ನೂ ನೋಡಿ, ಥ್ರೆಡ್ ಅಳತೆ ಹೋಲಿಸಿ. ಫೋರ್ಡ್ ಎಫ್-150ರ ಕೆಲವು ಎಂಜಿನ್‌ಗಳಲ್ಲಿ ಚೇಂಬರೇ ಪ್ಲಾಸ್ಟಿಕ್, ಪ್ಲಗ್‌ಗೆ ಥ್ರೆಡ್ ಇಲ್ಲ. ಅಂಥದಕ್ಕೆ ಈ ತರಹದ್ದು ಕೂರುವುದಿಲ್ಲ. ಕೂರಿಸುವಾಗ ಜೊತೆಗೆ ಬಂದ ವಾಷರ್ ಹಾಕಿ, ಚೀಟಿಯಲ್ಲಿ ಬರೆದಷ್ಟೇ ಟೈಟ್ ಮಾಡಿ. ಹಿತ್ತಾಳೆ ಮೆತ್ತಗಿನ ಲೋಹ.

ಆಯಿಲ್ ಫಿಲ್ಟರ್ ವಿಷಯಕ್ಕೆ ವಾಲ್ವ್‌ನಿಂದ ಯಾವ ಸಹಾಯವೂ ಇಲ್ಲ. ಅದು ಎಂಜಿನ್‌ನ ಬಲಗಡೆ, ಟರ್ಬೋ ಕೆಳಗೆ ಇಕ್ಕಟ್ಟಿನಲ್ಲಿದೆ. ಒಂದು ಸುತ್ತು ಲೂಸ್ ಮಾಡಿ, ಜಿಪ್ ಇರುವ ಪ್ಲಾಸ್ಟಿಕ್ ಕವರ್‌ನ್ನು ಕೆಳಗಿನಿಂದ ಮೇಲಕ್ಕೆ ಹೊದಿಸಿ, ಕವರ್ ಸಮೇತ ತಿರುಗಿಸಿ ಇಳಿಸುತ್ತೇನೆ. ಚೆಲ್ಲುವ ಆಯಿಲ್ ಕವರ್‌ನಲ್ಲೇ ಉಳಿಯುತ್ತದೆ. ಹೊಸ ಫಿಲ್ಟರ್‌ನ ರಬ್ಬರ್‌ಗೆ ಆಯಿಲ್ ಸವರಿ, ಕೈಯಲ್ಲೇ ಬಿಗಿದೆ.

ಲಿವರ್ ಕಚ್ಚಿನಲ್ಲಿ ಕೂತಿತು. ಕ್ಲಿಪ್ ಹಾಕಿದೆ. ಹೊಸ ಆಯಿಲ್ ಸುರಿಯುವ ಮುಂಚೆ ಇದನ್ನು ಇನ್ನೊಮ್ಮೆ ನೋಡುತ್ತೇನೆ, ಪ್ರತಿ ಸಲವೂ. 5ಡಬ್ಲ್ಯೂ-40 ಗ್ರೇಡಿನ ಆಯಿಲ್ ಮೂರು ಗ್ಯಾಲನ್ ಒಳಗೆ ಹೋಯಿತು. ಎಂಜಿನ್ ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿ ಡಿಪ್‌ಸ್ಟಿಕ್ ನೋಡಿದೆ. ಗೆರೆಗೆ ಸರಿಯಾಗಿದೆ.

ಹಳೇ ಆಯಿಲ್ ಈಗಾಗಲೇ ಕ್ಯಾನ್‌ನಲ್ಲೇ ಇದೆ, ಮುಚ್ಚಳ ಹಾಕಿದರೆ ಆಯಿತು. ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಉಚಿತವಾಗಿ ತೆಗೆದುಕೊಳ್ಳುತ್ತಾರೆ. ಒಂದು ಗ್ಯಾಲನ್ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ಹೇಳುತ್ತದೆ. ಚರಂಡಿಗೆ ಮಾತ್ರ ಸುರಿಯಬೇಡಿ, ದಯವಿಟ್ಟು.

ಅಪ್ಪ ಈಗ ಟಾರ್ಚ್ ಹಿಡಿದು ಗಾಡಿ ಕೆಳಗೆ ಬಗ್ಗಿದ್ದಾರೆ. ಬಿಳಿ ಟಿಶ್ಯೂ ತೆಗೆದು ವಾಲ್ವ್ ಸುತ್ತ ಒರೆಸಿ ನನಗೆ ತೋರಿಸಿದರು. ಬೆಳ್ಳಗೇ ಇದೆ. "ಊರಲ್ಲಿ ನಮ್ಮ ಟ್ರ್ಯಾಕ್ಟರ್‌ಗೆ ಈ ಅಳತೆ ಸಿಗುತ್ತೇನೋ ನೋಡು ಮಗಾ" ಅಂದರು. ಅವರು ಊರಿಗೆ ಹೊರಡಲು ಇನ್ನೂ ಮೂರು ವಾರ ಇದೆ, ಅಷ್ಟರಲ್ಲಿ ಆ ಟ್ರ್ಯಾಕ್ಟರ್ ಪ್ಲಗ್‌ನ ಥ್ರೆಡ್ ಅಳೆಸಿ ತರಿಸಬೇಕು. ಸ್ಯಾಂಪಲ್ ನಾಳೆ ಪೋಸ್ಟ್‌ಗೆ ಹೋಗುತ್ತದೆ. ರಿಪೋರ್ಟ್ ಬಂದ ಮೇಲೆ ಒಂದೊಂದು ಸಾಲನ್ನೂ ನಿಮ್ಮ ಜೊತೆ ಕೂತು ಓದುತ್ತೇನೆ.