ಮಗುವಿನ ಮುಖ ಯಾವ ಕಡೆಗಿದೆ?

ಕೇಳುಗರೇ, ನಮಸ್ಕಾರ.

ಹೆರಿಗೆಯ ಕೊನೆಯ ಹಂತ. ಗರ್ಭಕೋಶದ ಬಾಯಿ ಪೂರ್ತಿ 10 ಸೆಂಟಿಮೀಟರ್ ತೆರೆದಿದೆ. ತಾಯಿ ಮುಕ್ಕಿ ಮುಕ್ಕಿ ಸುಸ್ತಾಗಿದ್ದಾರೆ. ಅಥವಾ ಮಗುವಿನ ಎದೆಬಡಿತ ಇಳಿಯುತ್ತಿದೆ. ಆಗ ವ್ಯಾಕ್ಯೂಮ್ (ಮಗುವಿನ ತಲೆಗೆ ಕಚ್ಚಿಕೊಳ್ಳುವ ಕಪ್) ಇಲ್ಲವೇ ಫೋರ್ಸೆಪ್ಸ್ (ತಲೆ ಹಿಡಿಯುವ ಇಕ್ಕಳದಂಥ ಸಲಕರಣೆ) ಹಾಕಿ ಹೆರಿಗೆ ಮಾಡಿಸಬೇಕಾಗಬಹುದು. ಆದರೆ ಅದಕ್ಕೂ ಮೊದಲು ಮಗುವಿನ ತಲೆ ಎತ್ತ ತಿರುಗಿದೆ ಎಂದು ಖಚಿತವಾಗಿ ಗೊತ್ತಿರಬೇಕು. ಎಷ್ಟೇ ಅವಸರವಿದ್ದರೂ ಇದನ್ನು ಬಿಡುವಂತಿಲ್ಲ.

ಸಾಮಾನ್ಯವಾಗಿ ಮಗುವಿನ ಹಿಂದಲೆ ತಾಯಿಯ ಹೊಟ್ಟೆಯ ಕಡೆ, ಮುಖ ಬೆನ್ನಿನ ಕಡೆ ಇರುತ್ತದೆ. ಕೆಲವು ಮಕ್ಕಳ ಮುಖ ಉಲ್ಟಾ, ಅಂದರೆ ಹೊಟ್ಟೆಯ ಕಡೆ ಇರುತ್ತದೆ, ಕೆಲವು ಪಕ್ಕಕ್ಕೆ ತಿರುಗಿರುತ್ತವೆ. ವ್ಯಾಕ್ಯೂಮ್ ಕಪ್ಪಿನ ನಡುಭಾಗ ಹಿಂದಿನ ನೆತ್ತಿಯಿಂದ (ಹಿಂದಲೆಯ ಮೆತ್ತನೆಯ ಜಾಗದಿಂದ) ಸುಮಾರು 3 ಸೆಂಟಿಮೀಟರ್ ಮುಂದೆ, ತಲೆಯ ನಡುಗೆರೆಯ ಮೇಲೇ ಕೂರಬೇಕು. ಜಾಗ ತಪ್ಪಿದರೆ ಎಳೆಯುವಾಗ ಕಪ್ ಕಿತ್ತುಬರಬಹುದು, ಮಗುವಿನ ತಲೆಗೆ ಪೆಟ್ಟಾಗಬಹುದು.

ಪರೀಕ್ಷೆ ಹೊಟ್ಟೆ ಮುಟ್ಟಿ ನೋಡುವುದರಿಂದಲೇ ಶುರುವಾಗಬೇಕು. ತಲೆಯ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಲ್ಲಿ ಕೈಗೆ ಸಿಕ್ಕರೆ ತಲೆ ಇನ್ನೂ ಮೇಲಿದೆ ಎಂದರ್ಥ. ಆಮೇಲೆ ಒಳಪರೀಕ್ಷೆ. ಹಿಂದಿನ ಸಣ್ಣ ನೆತ್ತಿಯಲ್ಲಿ ಬುರುಡೆಯ ಮೂಳೆಗಳ ನಡುವಿನ 3 ಗೆರೆಗಳು ಕೂಡುತ್ತವೆ, ಮುಂದಿನ ದೊಡ್ಡ ನೆತ್ತಿಯಲ್ಲಿ 4. ಬೆರಳು ಇದನ್ನೇ ಹುಡುಕುತ್ತದೆ. ಕಷ್ಟ ಏನೆಂದರೆ, ಹೆರಿಗೆ ಎಳೆದಷ್ಟೂ ಮಗುವಿನ ತಲೆಯ ಚರ್ಮ ಊದಿಕೊಳ್ಳುತ್ತದೆ. ಗೆರೆಗಳು ಮುಚ್ಚಿಹೋಗುತ್ತವೆ. ತಲೆ ಇರುವುದಕ್ಕಿಂತ ಕೆಳಗೆ ಬಂದಂತೆಯೂ ಅನಿಸುತ್ತದೆ. ಹೀಗಾಗಿ ಅನುಭವಿ ಕೈಗೂ ಇದು ತಪ್ಪಬಹುದು.

ಐರ್ಲೆಂಡಿನಲ್ಲಿ 514 ತಾಯಂದಿರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೈಪರೀಕ್ಷೆಯೊಂದನ್ನೇ ನಂಬಿದಾಗ 100ಕ್ಕೆ ಸುಮಾರು 20 ಬಾರಿ ತಲೆಯ ದಿಕ್ಕು ತಪ್ಪಾಗಿ ಅಂದಾಜಾಗಿತ್ತು. ಜೊತೆಗೆ ಸ್ಕ್ಯಾನ್ ಮಾಡಿದಾಗ ತಪ್ಪು 100ಕ್ಕೆ 2ಕ್ಕಿಂತ ಕಡಿಮೆ. ಇಷ್ಟಾದರೂ ತಾಯಿ-ಮಗುವಿನ ತೊಂದರೆಗಳೇನೂ ಅಲ್ಲಿ ಕಡಿಮೆಯಾಗಲಿಲ್ಲ, ಅದನ್ನೂ ಹೇಳಲೇಬೇಕು. ದಿಕ್ಕು ಗೊತ್ತಾದರೆ ಸಾಲದು, ಸಲಕರಣೆ ಹಿಡಿಯುವ ಕೈಗೂ ಪಳಗಿಕೆ ಬೇಕು. ಆದರೂ ಕೈಗೆ ಅನುಮಾನ ಬಂದಾಗ ಸ್ಕ್ಯಾನ್ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಿಬ್ಬೊಟ್ಟೆಯ ಮೇಲೆ ಪ್ರೋಬ್ (ಸ್ಕ್ಯಾನ್ ಮೆಷಿನ್ನಿನ ಕೈಯಲ್ಲಿ ಹಿಡಿಯುವ ಭಾಗ) ಇಟ್ಟರೆ ಸಾಕು. ಮಗುವಿನ ಕಣ್ಣುಗೂಡುಗಳು ಮೇಲ್ಮುಖವಾಗಿ ಕಂಡರೆ ಹಿಂದಲೆ ತಾಯಿಯ ಬೆನ್ನಿನ ಕಡೆ ಇದೆ ಎಂದು ತಿಳಿಯುತ್ತದೆ.

ಮನೆಯವರಿಗೆ ಒಂದು ಮಾತು. ಆ ಹೊತ್ತಿನಲ್ಲಿ ಸ್ಕ್ಯಾನ್ ಮೆಷಿನ್ ತಂದರೆ ಗಾಬರಿಯಾಗಬೇಡಿ. "ತಲೆ ಯಾವ ಕಡೆಗಿದೆ ಡಾಕ್ಟ್ರೇ?" ಎಂದು ಧೈರ್ಯವಾಗಿ ಕೇಳಿ. ಉತ್ತರ ಖಚಿತವಾಗದಿದ್ದರೆ ಹಿರಿಯ ವೈದ್ಯರನ್ನು ಕರೆಸಬೇಕು. ಅವರಿಗೂ ಖಾತ್ರಿಯಾಗದಿದ್ದರೆ ಸಲಕರಣೆ ಬಿಟ್ಟು ಸಿಸೇರಿಯನ್‌ಗೆ ಹೋಗಬೇಕಾಗುತ್ತದೆ.